ಕತ್ತೆಯ ಗಾಯಕ್ಕೆ ಬರೆದ ಸರ್ಟಿಫಿಕೇಟು

ಹೊಸದುರ್ಗ ತಾಲೂಕಿನ ಹಳ್ಳಿಯೊಂದರಲ್ಲಿ ನಾನು ಪಶುವೈದ್ಯೆಯಾಗಿ ಆರು ವರ್ಷ ಕೆಲಸ ಮಾಡಿದೆ. ಆ ಆರು ವರ್ಷಗಳಲ್ಲಿ ನಮ್ಮ ಆಸ್ಪತ್ರೆಗೆ ಕತ್ತೆಯೊಂದು ಬಂದದ್ದು ಒಂದೇ ಸಲ. ಹಸು, ಎಮ್ಮೆ, ಕುರಿ, ಮೇಕೆ, ಕೋಳಿ, ಪೇಟೆಯಿಂದ ತಂದು ಸಾಕಿದ ನಾಯಿ, ಇವೆಲ್ಲ ದಿನವೂ ಬರುತ್ತಿದ್ದವು. ಕತ್ತೆಗೆ ಕಾಯಿಲೆಯಾದರೆ ಯಾರೂ ಡಾಕ್ಟರ ಹತ್ತಿರ ತರುವುದಿಲ್ಲ. ಅದು ತಾನಾಗಿ ವಾಸಿಯಾಗಬೇಕು, ಇಲ್ಲವೇ ಸಾಯಬೇಕು.

ರಾಗಿ ಕೊಯ್ಲು ಮುಗಿದು ಹೊಲಗಳು ಬರಿದಾಗಿದ್ದವು. ಬೆಳಗ್ಗೆ ಹತ್ತು ಗಂಟೆ ಇರಬಹುದು. ಕರುವೊಂದಕ್ಕೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದೆ. ಆಸ್ಪತ್ರೆಯ ಸಹಾಯಕ, ಇನ್ನೆರಡು ವರ್ಷಕ್ಕೆ ನಿವೃತ್ತನಾಗಲಿದ್ದ ಮನುಷ್ಯ, ಹೊರಗಿನಿಂದ ಕೂಗಿದ.

“ಮೇಡಂ, ಬರ್ರಿ ಇಲ್ಲಿ. ಬೇಗ ಬರ್ರಿ.”

ಅಂಗಳದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಹಗ್ಗ. ಹಗ್ಗದ ಆ ತುದಿಯಲ್ಲಿ ಒಂದು ಬೂದು ಬಣ್ಣದ ಹೆಣ್ಣು ಕತ್ತೆ. ಅದರ ಬೆನ್ನು, ಕುತ್ತಿಗೆ, ತಲೆಯ ಮೇಲೆಲ್ಲ ನೆನೆಸಿದ ಸೀರೆಯೊಂದನ್ನು ಹೊದಿಸಿದ್ದಳು. ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕತ್ತೆ ನಡುಗುತ್ತಿತ್ತು, ಕೂಗುತ್ತಿರಲಿಲ್ಲ. ಸೀರೆ ತೆಗೆದ ಕೂಡಲೇ ನನಗೆ ವಾಸನೆ ಗೊತ್ತಾಯಿತು. ಕಾಲೇಜಿನ ಪ್ರಯೋಗಶಾಲೆಯ ನಂತರ ಆ ವಾಸನೆಯನ್ನು ನಾನು ಮೂಸಿರಲಿಲ್ಲ.

“ಆಸಿಡ್ಡಾ?” ಎಂದೆ.

“ಹೂಂ ಡಾಕ್ಟ್ರಮ್ಮ. ಮಕಕ್ಕೇ ಹುಯ್ದುಬಿಟ್ರು.”

ಅವಳು ಕುರಿ ಮೇಯಿಸುವ ಮನೆತನದವಳು. ಗಂಡ ಹೆಂಡತಿ ಇಬ್ಬರೂ ಮಂದೆ ಹೊಡೆದುಕೊಂಡು ಮಾಡದಕೆರೆ ಕಡೆಗೆ ಬಂದಿದ್ದರು. ಗೊಬ್ಬರಕ್ಕೆಂದು ರೈತನೊಬ್ಬನ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಪಾತ್ರೆ, ಕಂಬಳಿ, ಕುರಿ ಕೂಡುವ ಬಲೆ, ಆಗಷ್ಟೇ ಹುಟ್ಟಿದ ಮರಿಗಳು, ಎಲ್ಲವನ್ನೂ ಊರಿಂದೂರಿಗೆ ಹೊರುತ್ತಿದ್ದುದು ಈ ಕತ್ತೆಯೇ. ಪಕ್ಕದ ಹೊಲ ದಾಳಿಂಬೆ ತೋಟ. ಬೇಲಿಯಲ್ಲಿ ಸಂದಿತ್ತು. ಕತ್ತೆ ಎರಡು ಸಲ ಒಳಗೆ ನುಗ್ಗಿ ಡ್ರಿಪ್ ಪೈಪು ಕಚ್ಚಿತ್ತು. ತೋಟದ ಯಜಮಾನರು ಎರಡು ಸಲವೂ ಬೈದು ಕಳಿಸಿದ್ದರು. ಮೂರನೆಯ ಸಲ ಅದನ್ನು ಎಳೆದುಕೊಂಡು ಬರಲು ಇವಳು ಓಡಿದಾಗ, ಅವರು ಪಂಪ್‌ಹೌಸಿನಿಂದ ಪ್ಲಾಸ್ಟಿಕ್ ಜಗ್ಗು ಹಿಡಿದು ಬಂದರಂತೆ. ಪೈಪಿನಲ್ಲಿ ಕಟ್ಟಿಕೊಂಡ ಉಪ್ಪು ಬಿಡಿಸಲು ತೋಟಗಾರರೆಲ್ಲ ಆಸಿಡ್ ತಂದಿಟ್ಟಿರುತ್ತಾರೆ.

“ನೀರು ಹುಯ್ತಾರೆ ಅಂದ್ಕಂಡೆ. ನೀರು ಹುಯ್ದು ಓಡಿಸ್ತಾರೆ ಅಂತ ನಾನೂ ನಿಂತ್ಕಂಡೆ. ಇವ್ಳು ಕೂಗಿದ್ ಮ್ಯಾಲೆ ಗೊತ್ತಾಗಿದ್ದು.”

ಅವಳು ಗುಡಾರದಲ್ಲಿದ್ದ ಕುಡಿಯುವ ನೀರನ್ನೆಲ್ಲ ಕತ್ತೆಯ ಮೇಲೆ ಸುರಿದಿದ್ದಳು. ಸಾಲದೆ, ಇದ್ದ ಇನ್ನೊಂದು ಸೀರೆಯನ್ನು ತೊಟ್ಟಿಯಲ್ಲಿ ಅದ್ದಿ ಹೊದಿಸಿ, ದಾರಿಯಲ್ಲಿ ಸಿಕ್ಕ ಎರಡು ಬೋರ್‌ವೆಲ್ಲುಗಳ ಹತ್ತಿರ ನಿಲ್ಲಿಸಿ ಮತ್ತೆ ನೆನೆಸಿಕೊಂಡು ನಡೆಸಿಕೊಂಡು ಬಂದಿದ್ದಳು. ಓದಿದವರೂ ಆ ಹೊತ್ತಿಗೆ ಮಾಡಬೇಕಾದದ್ದು ಅದನ್ನೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಹಾಯಕ ಪೈಪು ಹಿಡಿದ. ಮುಕ್ಕಾಲು ಗಂಟೆ ನೀರು ಬಿಟ್ಟೆವು. ಕಣ್ಣಿಗೆ ಸಲೈನ್ ಬಾಟಲಿಗಳನ್ನು ಒಂದಾದ ಮೇಲೊಂದು ಸುರಿದೆ. ಎಡಗಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗಿತ್ತು. ಬಲಗಣ್ಣು ಅರ್ಧ ತೆರೆದಿತ್ತು, ಗುಡ್ಡೆಯ ಮೇಲೆ ಮಂಜು ಕವಿದಂತಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು, ಸುಟ್ಟ ಜಾಗಕ್ಕೆಲ್ಲ ಮುಲಾಮು ಹಚ್ಚಿದೆ. ಅಷ್ಟು ಹೊತ್ತೂ ಅವಳು ಕತ್ತೆಯ ಸುಡದೇ ಉಳಿದ ಒಂದು ಕಿವಿಯನ್ನು ಹಿಡಿದುಕೊಂಡು ನಿಂತಿದ್ದಳು. ಮುಗಿದ ಮೇಲೆ ಕೇಳಿದಳು:

“ಕಣ್ಣು ಬರ್ತಾವಾ ಡಾಕ್ಟ್ರಮ್ಮ?”

ನನಗೆ ಗೊತ್ತಿರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬರುವುದು ಕಷ್ಟವೆಂದು ನನ್ನ ಓದು ಹೇಳುತ್ತಿತ್ತು. ಆದರೆ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅವಳ ಅಂಗೈಯೂ ಅಲ್ಲಲ್ಲಿ ಸುಟ್ಟು ಕೆಂಪಾಗಿತ್ತು, ಅದನ್ನು ಅವಳು ನೋಡಿಕೊಂಡೂ ಇರಲಿಲ್ಲ.

“ಬರ್ತಾವೆ ಅಕ್ಕ,” ಎಂದೆ. “ಧೈರ್ಯವಾಗಿರಿ.”

ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಪೊಲೀಸರಿಗೆ ದೂರು ಕೊಡಲು ಗಾಯದ ಸರ್ಟಿಫಿಕೇಟು ಬೇಕಿತ್ತು. ನಾನು ಕುಳಿತು ಬರೆದೆ. ಸುಟ್ಟ ಗಾಯ ಎಷ್ಟು ಅಗಲ, ಎಲ್ಲೆಲ್ಲಿ, ಯಾವ ದ್ರಾವಣದಿಂದ ಆಗಿರಬಹುದು, ಎಲ್ಲವನ್ನೂ ಅಳೆದು ಬರೆದೆ. ಕೊನೆಯಲ್ಲಿ ‘ಮುಂದಿನ ಸ್ಥಿತಿ’ ಎಂಬ ಜಾಗವಿತ್ತು. ಅವಳು ಮೇಜಿನ ಆ ಕಡೆ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಓದಲು ಬಾರದವಳಾದರೂ ನಾನು ಏನು ಬರೆಯುತ್ತೇನೆಂದು ಕಾಯುತ್ತಿದ್ದಳು. ‘ಚಿಕಿತ್ಸೆ ಮುಂದುವರಿದರೆ ದೃಷ್ಟಿ ಸಹಿತ ಗುಣವಾಗುವ ಸಾಧ್ಯತೆ ಇದೆ’ ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವಳು ಆಗ ಮೊದಲ ಸಲ ಕೆಳಗೆ ಕುಳಿತಳು.

ಠಾಣೆಗೆ ನಾನೇ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ. ನನ್ನನ್ನು ನೋಡಿ ಎದ್ದು ನಿಂತು, “ಕುಂತ್ಕಳ್ರಿ ಮೇಡಂ,” ಎಂದು ಕುರ್ಚಿ ಎಳೆದರು. ವಿಷಯ ಕೇಳಿದ ಮೇಲೆ ಅವರ ಮುಖದಲ್ಲಿ ಸಣ್ಣ ನಗು ಕಾಣಿಸಿತು. ಅದನ್ನು ಅಡಗಿಸಲು ಅವರು ಪ್ರಯತ್ನಿಸಿದ್ದನ್ನೂ ನಾನು ನೋಡಿದೆ.

“ಕತ್ತೆಗಾ?”

“ಹೌದು.”

“ಯಾರು ಹುಯ್ದಿದ್ದು?”

ಅವಳು ತೋಟದವರ ಗುರುತು ಹೇಳಿದಳು. ಹೆಡ್ ಕಾನ್‌ಸ್ಟೇಬಲ್ಲರ ನಗು ಹೋಯಿತು. ಆ ತೋಟದವರು ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಸುತ್ತಲಿನ ಹತ್ತು ಹಳ್ಳಿಯಲ್ಲಿ ಅರ್ಧ ಜನ ಅವರ ಹತ್ತಿರ ಪಾಠ ಕಲಿತವರು. ಈ ಹೆಡ್ ಕಾನ್‌ಸ್ಟೇಬಲ್ ಕೂಡ.

“ಮೇಷ್ಟ್ರು ಅಂಥೋರಲ್ಲ ಮೇಡಂ,” ಎಂದರು.

“ಅಂಥೋರಲ್ಲ ಅಂತ ನಾನೂ ಅಂದ್ಕಂಡೇ ಸುಮ್ಕೆ ನಿಂತಿದ್ದು,” ಎಂದಳು ಅವಳು.

ನನಗೂ ಅವರ ಪರಿಚಯವಿತ್ತು. ಅವರ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಾಗ ದಿನಕ್ಕೆರಡು ಸಲ ನನಗೆ ಫೋನ್ ಮಾಡುತ್ತಿದ್ದರು. ಹಸು ಮೇವು ಮುಟ್ಟಲಿಲ್ಲವೆಂದು ತಾವೂ ಒಂದು ಹೊತ್ತು ಉಂಡಿರಲಿಲ್ಲವೆಂದು ಅವರ ಮನೆಯವರೇ ಹೇಳಿದ್ದರು. ಅದೇ ಕೈ ಜಗ್ಗು ಹಿಡಿಯಿತು ಎಂಬುದನ್ನು ನಂಬಲು ನನಗೂ ಒಂದಿಷ್ಟು ಹೊತ್ತು ಹಿಡಿದಿತ್ತು. ಆದರೆ ಕತ್ತೆಯ ಬೆನ್ನು ನಾನು ನೋಡಿದ್ದೆ. ನಾನು ಎದುರಿಗೆ ಕುಳಿತಿದ್ದೆನೆಂಬ ಒಂದೇ ಕಾರಣಕ್ಕೆ ಹೆಡ್ ಕಾನ್‌ಸ್ಟೇಬಲ್ ದೂರು ಬರೆದುಕೊಂಡರು.

ಮಂದೆಯನ್ನು ಬೇರೊಂದು ಹೊಲಕ್ಕೆ ಬದಲಿಸಿ ಆ ಗಂಡ ಹೆಂಡತಿ ಅಲ್ಲೇ ಸುತ್ತಮುತ್ತ ಉಳಿದರು. ನಾನು ದಿನವೂ ಸಂಜೆ ಹೋಗಿ ಗಾಯ ತೊಳೆದು ಬರುತ್ತಿದ್ದೆ. ನಾಲ್ಕನೆಯ ದಿನಕ್ಕೆ ಬೆನ್ನಿನ ಚರ್ಮ ಕಪ್ಪಾಗಿ ಗಟ್ಟಿಯಾಯಿತು. ಎಂಟನೆಯ ದಿನಕ್ಕೆ ಅದು ಹಲಗೆಯಂತೆ ಕಳಚಿ ಬಿತ್ತು, ಕೆಳಗೆ ಕೆಂಪು ಮಾಂಸ. ನೊಣ ಕೂರದಂತೆ ಅವಳು ಹಗಲೆಲ್ಲ ಬೇವಿನ ಟೊಂಗೆ ಹಿಡಿದು ಬೀಸುತ್ತಿದ್ದಳು. ಕುರಿಯ ಕೆಲಸವೆಲ್ಲ ಗಂಡನ ಮೇಲೆ ಬಿತ್ತು. ಅವನು ಹೆಚ್ಚು ಮಾತಿನವನಲ್ಲ. ಒಂದು ಸಂಜೆ ನನ್ನ ಮುಂದೆಯೇ ಹೆಂಡತಿಗೆ ಹೇಳಿದ:

“ಮೇಷ್ಟ್ರು ಹೇಳಿ ಕಳಿಸವ್ರೆ. ಬ್ಯಾರೆ ಕತ್ತೆ ಕೊಡಿಸ್ತಾರಂತೆ. ಕೇಸು ವಾಪಸ್ ತಗಂಡ್ರೆ ಸಾಕಂತೆ. ನಾವು ಅಲೆಯೋ ಜನ ಕಣೇ. ಕೋರ್ಟು ಕಾಯ್ಕಂಡು ಎಲ್ಲಿ ಕುಂತಿರಾಣ?”

“ಬ್ಯಾರೆ ಕತ್ತೆ ಬಂದ್ರೆ ಇವ್ಳಿಗೆ ಕಣ್ಣು ಬರ್ತಾವಾ?”

“ಕಣ್ಣು ಬರ್ತಾವೆ ಅಂತ ಡಾಕ್ಟ್ರಮ್ಮ ಹೇಳವ್ರಲ್ಲ.”

“ಬರ್ಲಿ. ಬಂದ್ ಮ್ಯಾಲೆ ಯೋಚ್ನೆ ಮಾಡಾಣ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಹತ್ತಿ ಸುತ್ತುತ್ತಿದ್ದೆ.

ಮೇಷ್ಟರೇ ಒಂದು ದಿನ ಆಸ್ಪತ್ರೆಗೆ ಬಂದರು. ಬೆಳ್ಳಗೆ ಒಗೆದ ಪಂಚೆ, ಕೈಯಲ್ಲಿ ಒಂದು ಚೀಲ ದಾಳಿಂಬೆ. ಚೀಲವನ್ನು ನಾನು ಮುಟ್ಟಲಿಲ್ಲ. ಅವರು ಅದನ್ನು ಬಾಗಿಲ ಹತ್ತಿರವೇ ಇಟ್ಟು ಕುಳಿತರು. ಕಣ್ಣು ಕೆಂಪಗಿದ್ದವು.

“ಒಂದು ಗಳಿಗೆ ಸಿಟ್ಟು ಬಂತು ಡಾಕ್ಟ್ರಮ್ಮ. ಮೂರನೇ ಸಲ ಅದು. ನೀರು ಅಂದ್ಕೊಂಡು ಕೈ ಹಾಕ್ದೆ ಅಂತ ಸುಳ್ಳು ಹೇಳಲ್ಲ ನಾನು. ಏನಂತ ಗೊತ್ತಿದ್ದೇ ತಗೊಂಡೆ.”

“ಅದನ್ನು ಠಾಣೆಯಲ್ಲಿ ಹೇಳಿ ಸರ್.”

“ಹೇಳ್ತೀನಿ. ಕೋರ್ಟಲ್ಲೂ ಒಪ್ಕೋತೀನಿ. ನಾನು ಓಡಿ ಹೋಗೋನಲ್ಲ.” ಪಂಚೆಯ ಅಂಚು ಸರಿಮಾಡಿಕೊಂಡು, “ಆದರೆ ಅದು ಕತ್ತೆ ಅಲ್ವಾ ಅಮ್ಮ? ಮನುಷ್ಯರನ್ನ ಕಡಿದು ಹಾಕ್ದೋರೂ ಊರಲ್ಲಿ ಓಡಾಡ್ಕೊಂಡಿದಾರೆ. ಈ ವಯಸ್ಸಲ್ಲಿ ನನ್ನ ಹೆಸರು ಠಾಣೆ ಪುಸ್ತಕಕ್ಕೆ ಹೋಯ್ತಲ್ಲ,” ಎಂದರು.

ಅವರು ಎದ್ದು ಹೋದ ಮೇಲೆ ಸಹಾಯಕ ಆ ಚೀಲ ತೆಗೆದುಕೊಂಡು ಹೋಗಿ ಅವರ ಮನೆ ಬಾಗಿಲಲ್ಲಿಟ್ಟು ಬಂದ.

ಮೂರನೆಯ ವಾರಕ್ಕೆ ಊತ ಇಳಿದು ಎರಡೂ ಕಣ್ಣು ತೆರೆದುಕೊಂಡವು. ಗುಡ್ಡೆಗಳು ಬೇಯಿಸಿದ ಮೀನಿನ ಕಣ್ಣಿನಂತೆ ಬೆಳ್ಳಗಿದ್ದವು. ಟಾರ್ಚು ಬಿಟ್ಟೆ. ಕೈ ಬೀಸಿದೆ. ಕತ್ತೆ ನನ್ನ ಕೈಯ ಕಡೆಗಲ್ಲ, ಗಾಳಿಯ ಸದ್ದಿನ ಕಡೆಗೆ ತಲೆ ತಿರುಗಿಸಿತು. ಇನ್ನೂ ಖಚಿತವಾಗಲೆಂದು ಅದರ ಮುಂದೆ ಒಂದು ಬುಟ್ಟಿಯನ್ನಿಟ್ಟು ಅವಳಿಗೆ ಕರೆಯಲು ಹೇಳಿದೆ. ಅವಳು ಕರೆದಳು. ಕತ್ತೆ ನೇರವಾಗಿ ಬಂದು ಬುಟ್ಟಿಗೆ ಎಡವಿ ಮುಂಗಾಲು ಮಡಿಸಿ ಬಿದ್ದಿತು.

ಅವಳು ಅಳಲಿಲ್ಲ. ಬುಟ್ಟಿಯನ್ನೆತ್ತಿ ದೂರ ಎಸೆದಳು. “ಗೊತ್ತಾತು ಬಿಡ್ರಿ,” ಎಂದಳು.

ಮರುದಿನವೇ ನಾನು ಎರಡನೆಯ ಸರ್ಟಿಫಿಕೇಟು ಬರೆದೆ: ಎರಡೂ ಕಣ್ಣುಗಳ ದೃಷ್ಟಿ ಶಾಶ್ವತವಾಗಿ ಹೋಗಿದೆ, ಪ್ರಾಣಿ ಹೊರೆ ಹೊರಲು ಯೋಗ್ಯವಲ್ಲ. ಅದನ್ನು ಹಿಡಿದು ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಅದನ್ನು ಎರಡು ಸಲ ಓದಿದರು.

“ಮೇಡಂ, ಚಾರ್ಜ್‌ಶೀಟ್ ಮೊನ್ನೆನೇ ಕೋರ್ಟಿಗೆ ಹೋಯ್ತು.”

“ಇಷ್ಟು ಬೇಗ?”

“ಸಣ್ಣ ಕೇಸು. ಬೇಗ ಮುಗೀಲಿ ಅಂತ ಮೇಲಿನವ್ರು ಹೇಳಿದ್ರು.”

“ಯಾವ ಸೆಕ್ಷನ್ ಹಾಕಿದ್ದೀರಿ?”

ಅವರು ಕಡತ ತೆಗೆದು ತೋರಿಸಿದರು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಹಳೆಯ ಕಾಯಿದೆ, ಅದೊಂದೇ. ಪ್ರಾಣಿಯನ್ನು ಅಂಗಹೀನ ಮಾಡಿದರೆ ಐದು ವರ್ಷದವರೆಗೆ ಜೈಲು ಎನ್ನುವ ಕಲಮು ಬೇರೆ ಇದೆ. ಅದು ಅಲ್ಲಿರಲಿಲ್ಲ. ಯಾಕೆ ಎಂದು ಕೇಳಿದೆ. ಅವರು ನನ್ನ ಮೊದಲ ಸರ್ಟಿಫಿಕೇಟನ್ನು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ದೊಡ್ಡ ಸೆಕ್ಷನ್ ಹಾಕ್ಬೇಕಂದ್ರೆ ಪ್ರಾಣಿ ಪೂರ್ತಿ ಕೆಲಸಕ್ಕೆ ಬರದಂಗೆ ಆಗಿರ್ಬೇಕು ಮೇಡಂ. ನೀವೇ ಬರ್ದಿದೀರಲ್ಲ, ದೃಷ್ಟಿ ಸಹಿತ ಗುಣವಾಗುವ ಸಾಧ್ಯತೆ ಇದೆ ಅಂತ. ನಾವಾಗಿ ನಾವು ಕಣ್ಣು ಹೋಗೈತೆ ಅಂತ ಹೆಂಗೆ ಬರೆಯೋದು?”

ಅವರ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅವರು ನನ್ನ ಸಾಲನ್ನು ನನಗೇ ಓದಿ ಹೇಳಿದರು, ಅಷ್ಟೇ.

ಅಲ್ಲಿಂದ ಸರ್ಕಾರಿ ವಕೀಲರ ಹತ್ತಿರ ಹೋದೆ. ಹೊಸ ಸಾಕ್ಷ್ಯ ಸಿಕ್ಕಿದೆ, ಮುಂದಿನ ತನಿಖೆಗೆ ಅನುಮತಿ ಕೊಡಿ ಎಂದು ಪೊಲೀಸರೇ ಕೋರ್ಟನ್ನು ಕೇಳಿದರೆ ಆಗುತ್ತದೆ ಎಂದರು. ಠಾಣೆಗೆ ಪತ್ರ ಬರೆದೆ. ಎರಡು ಸಲ ಹೋಗಿ ಕೇಳಿದೆ. ಮೊದಲ ಸಲ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಎರಡನೆಯ ಸಲ ಪತ್ರ ಕಡತದಲ್ಲಿದೆ ಎಂದರು. ಮೂರನೆಯ ಸಲ ನಾನು ಹೋಗಬಹುದಿತ್ತು, ಹೋಗಲಿಲ್ಲ. ಆ ವಾರ ಕಾಲುಬಾಯಿ ರೋಗದ ಲಸಿಕೆ ಶುರುವಾಗಿತ್ತು. ಅದು ನಿಜವೂ ಹೌದು, ನೆಪವೂ ಹೌದು.

ಕೋರ್ಟಿನ ದಿನ ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿ ತಿಳಿಸಿದರು. ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಅವಳು ಆಸಿಡ್ಡಿನ ದಿನ ನೆನೆಸಿದ ಸೀರೆಯನ್ನು ಬಿಟ್ಟು ಉಳಿದಿದ್ದ ಒಂದೇ ಸೀರೆಯನ್ನು ಒಗೆದು ಉಟ್ಟು ಬಂದಿದ್ದಳು. ಬೆಂಚಿನ ಮೇಲೆ ಕುಳಿತುಕೊಳ್ಳಲು ಒಪ್ಪದೆ ಗೋಡೆಗೆ ಒರಗಿ ನಿಂತಳು. ನಮ್ಮ ಕೇಸು ಕೂಗಿದಾಗ ಮೇಷ್ಟರು ಎದ್ದು ಕಟಕಟೆಗೆ ಹೋದರು. ಆರೋಪ ಓದಿ ಹೇಳಿದರು.

“ತಪ್ಪು ಒಪ್ಪಿಕೊಳ್ಳುತ್ತೀರಾ?” ಎಂದು ನ್ಯಾಯಾಧೀಶರು ಕೇಳಿದರು.

“ಒಪ್ಕೋತೀನಿ ಸ್ವಾಮಿ.”

ನ್ಯಾಯಾಧೀಶರು ಕಡತದಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕೊನೆಯದನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೇಷ್ಟರ ಕಡೆ ತಿರುಗಿ, “ಓದಿದವರು ನೀವು,” ಎಂದರು. “ಈ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಇರುವ ಅತಿ ಹೆಚ್ಚಿನ ದಂಡವನ್ನೇ ಹಾಕುತ್ತಿದ್ದೇನೆ. ಐವತ್ತು ರೂಪಾಯಿ.”

ಮುಂದಿನ ಕೇಸು ಕೂಗಿದರು. ಎಲ್ಲ ಸೇರಿ ಐದಾರು ನಿಮಿಷ ಆಗಿರಬಹುದು.

ಹೊರಗೆ ಬೇವಿನ ಮರದ ಕೆಳಗೆ ಬಂದ ಮೇಲೆ ಅವಳು ಕೇಳಿದಳು. “ಏನಂದ್ರು?”

“ದಂಡ ಹಾಕಿದ್ರು ಅಕ್ಕ.”

“ಎಷ್ಟು?”

ಹೇಳಿದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ. “ಐವತ್ತು ಸಾವ್ರನಾ?” ಎಂದಳು.

“ಅಲ್ಲ. ಐವತ್ತು ರೂಪಾಯಿ.”

ಅವಳು ನನ್ನ ಮುಖವನ್ನೇ ನೋಡಿದಳು, ನಾನು ತಮಾಷೆ ಮಾಡುತ್ತಿದ್ದೇನೆಯೋ ಎಂಬಂತೆ. ನಾನು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಈ ಕಾನೂನು ಮಾಡಿ ಅರವತ್ತು ವರ್ಷಗಳ ಮೇಲಾಯಿತು, ಆಗ ಐವತ್ತು ರೂಪಾಯಿ ದೊಡ್ಡ ಮೊತ್ತವಾಗಿತ್ತು, ಆಮೇಲೆ ಯಾರೂ ಅದನ್ನು ಬದಲಿಸಲಿಲ್ಲ ಎಂದೆ. ಮೂರು ವರ್ಷದೊಳಗೆ ಅದೇ ಮನುಷ್ಯ ಮತ್ತೆ ಅಂಥದ್ದೇ ಮಾಡಿದರೆ ನೂರು ರೂಪಾಯಿವರೆಗೆ ದಂಡ ಹಾಕಬಹುದು, ಮೂರು ತಿಂಗಳವರೆಗೆ ಜೈಲಿಗೂ ಕಳಿಸಬಹುದು ಎಂದೂ ಹೇಳಿದೆ.

“ಮತ್ತೆ ಮಾಡಿದ್ರೆ ಅಂದ್ರೆ,” ಅವಳು ನಿಧಾನವಾಗಿ ಹೇಳಿದಳು, “ಜೈಲು ಆಗಾಕೆ ಇನ್ನೊಂದು ಮೂಕಪ್ರಾಣಿ ಕಣ್ಣು ಹೋಗ್ಬೇಕು.”

ಅಷ್ಟರಲ್ಲಿ ಮೇಷ್ಟರು ದಂಡ ಕಟ್ಟಿ ಹೊರಗೆ ಬಂದರು. ನಮ್ಮ ಮುಂದೆ ಹಾದುಹೋಗುವಾಗ ನಿಂತರು. ಏನೋ ಹೇಳಲು ಬಾಯಿ ತೆರೆದರು. ಅವಳು ಅವರಿಗೆ ಬೆನ್ನು ತಿರುಗಿಸಿ ನಿಂತಳು. ಅವರು ಹೋದರು.

ಅಲ್ಲೇ, ಆಗಲೇ, ನಾನು ಹೇಳಿಬಿಟ್ಟೆ. ಇಟ್ಟುಕೊಂಡಿರಲು ಆಗಲಿಲ್ಲ. “ಅಕ್ಕ, ಇದರಲ್ಲಿ ನನ್ನ ತಪ್ಪೂ ಇದೆ. ಅವತ್ತು ನಿಮಗೆ ಸಮಾಧಾನ ಆಗ್ಲಿ ಅಂತ ಕಣ್ಣು ಬರ್ತಾವೆ ಅಂತ ಬರೆದೆ. ಆ ಮಾತು ಬರೀದೇ ಇದ್ದಿದ್ರೆ ದೊಡ್ಡ ಕೇಸು ಆಗ್ತಿತ್ತು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ನಿಮಗೆ ಅವತ್ತೇ ಗೊತ್ತಿತ್ತಾ, ಬರಲ್ಲ ಅಂತ?”

“ಅನುಮಾನ ಇತ್ತು.”

“ಬರ್ದಿದ್ದು ಅಳ್ಸಾಕೆ ಬರಲ್ವಾ?”

“ಬರಲ್ಲ.”

ಅವಳು ತಲೆಯಾಡಿಸಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸ್ಕೂಟರಿನ ಹಿಂದೆ ಯಾವಾಗಲೂ ನನ್ನ ಹೆಗಲು ಹಿಡಿದು ಕೂರುತ್ತಿದ್ದವಳು ಅವತ್ತು ಹಿಂದಿನ ಕಂಬಿ ಹಿಡಿದಿದ್ದಳು.

ಬೇಸಿಗೆ ಬಂತು. ಮಂದೆ ಹಿರಿಯೂರಿನ ಕಡೆಗೆ ಹೊರಡಬೇಕಿತ್ತು. ಕುರುಡು ಕತ್ತೆ ಅಷ್ಟು ದೂರ ನಡೆಯಲಾರದು, ಹೆದ್ದಾರಿ ದಾಟಲಾರದು. ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಅದನ್ನು ನಡೆಸಿಕೊಂಡು ಆಸ್ಪತ್ರೆಗೆ ಬಂದರು. ಮಾತಾಡಿದವನು ಗಂಡ.

“ಇಲ್ಲೇ ಹಿತ್ತಲಾಗೆ ಕಟ್ಟಿಕೊಳ್ರಿ ಮೇಡಂ. ನಾವು ತಿರುಗಿ ಬರಾಗಂಟ.”

ಅವಳು ಕತ್ತೆಯ ಹಗ್ಗವನ್ನು ನನ್ನ ಕೈಗೆ ಕೊಡಲಿಲ್ಲ, ಸಹಾಯಕನ ಕೈಗೆ ಕೊಟ್ಟಳು. ಯಾವ ಸೊಪ್ಪು ತಿನ್ನುತ್ತದೆ, ಎಷ್ಟು ಹೊತ್ತಿಗೆ ನೀರು ಕೇಳುತ್ತದೆ ಎಂದು ಅವನಿಗೇ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಕತ್ತೆ ಹಿತ್ತಲಿನಲ್ಲಿ ಗೋಡೆ ಎಲ್ಲಿದೆ, ತೊಟ್ಟಿ ಎಲ್ಲಿದೆ ಎಂಬುದನ್ನು ವಾರದೊಳಗೆ ಕಲಿಯಿತು. ಬೆನ್ನಿನ ಮೇಲೆ ಕೂದಲಿಲ್ಲದ ಗುಲಾಬಿ ಚರ್ಮ ಬಂತು. ಆಸ್ಪತ್ರೆಗೆ ಬಂದವರು ಹಣಕಿ ನೋಡಿ, ‘ಮೇಷ್ಟ್ರು ಕತ್ತೆ’ ಎಂದು ಮಾತಾಡಿಕೊಳ್ಳುತ್ತಿದ್ದರು. ಮೇಷ್ಟರ ಮೇಲೆ ಕೇಸು ಹಾಕಿಸಿದವಳೆಂದು ನನ್ನ ಹತ್ತಿರ ಕೆಲವರು ಮಾತು ಬಿಟ್ಟರು.

ಆ ಮಧ್ಯೆ ಚಿತ್ರದುರ್ಗದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಬಗ್ಗೆ ಒಂದು ಸಭೆ ನಡೆಯಿತು. ಬೇರೆ ಬೇರೆ ಇಲಾಖೆಯವರು ಬಂದಿದ್ದರು. ಕೊನೆಯಲ್ಲಿ ನನಗೂ ಮಾತಾಡಲು ಅವಕಾಶ ಸಿಕ್ಕಿತು. ಐವತ್ತು ರೂಪಾಯಿಯ ಕಾನೂನನ್ನು ಬದಲಿಸಬೇಕು, ಜೈಲು ಶಿಕ್ಷೆ ಮೊದಲ ತಪ್ಪಿಗೇ ಇರಬೇಕು, ಪಶುವೈದ್ಯರು ಪ್ರಾಣಿ ಪೂರ್ತಿ ವಾಸಿಯಾಗುವವರೆಗೆ ನೋಡಿ ಕೊಡುವ ಕೊನೆಯ ವರದಿ ಬರದೆ ಚಾರ್ಜ್‌ಶೀಟ್ ಹಾಕಬಾರದು ಎಂದು ಬರೆದುಕೊಂಡು ಹೋಗಿದ್ದೆ. “ನಮ್ಮಲ್ಲಿ ಒಂದು ಕತ್ತೆಗೆ,” ಎಂದು ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಕೆಟ್ಟ ನಗುವಲ್ಲ ಅದು. ಊಟದ ಹೊತ್ತಾಗಿತ್ತು, ಜನ ದಣಿದಿದ್ದರು, ಕತ್ತೆ ಎಂಬ ಪದ ಸಭೆಯಲ್ಲಿ ಕೇಳಿ ನಗು ಬಂದಿತ್ತು. ನಾನು ಬರೆದದ್ದನ್ನು ಪೂರ್ತಿ ಓದಿದೆ. ಅಧ್ಯಕ್ಷತೆ ವಹಿಸಿದ್ದವರು, ದಂಡ ಹೆಚ್ಚಿಸುವ ತಿದ್ದುಪಡಿಯ ಕರಡು ಆಗಲೇ ಸಿದ್ಧವಾಗಿದೆ, ದೆಹಲಿಯಲ್ಲಿ ಆಗಬೇಕಾದ ಕೆಲಸ ಅದು, ನಿಮ್ಮ ಅಭಿಪ್ರಾಯ ಕಳಿಸಿಕೊಡೋಣ ಎಂದರು. ಕಳಿಸಿದೆವು. ಸ್ವೀಕರಿಸಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂತು.

ಜೂನ್ ತಿಂಗಳಲ್ಲಿ ಮೇಷ್ಟರ ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂತು. ಹೋದೆ. ಹೋಗದಿರಲು ನನಗೆ ಹಕ್ಕಿರಲಿಲ್ಲ, ಹಸುವಿನ ತಪ್ಪೂ ಇರಲಿಲ್ಲ. ಕರುವಿನ ತಲೆ ಹಿಂದಕ್ಕೆ ತಿರುಗಿತ್ತು. ಎರಡು ಗಂಟೆ ಹಿಡಿಯಿತು. ಮೇಷ್ಟರು ಅಷ್ಟು ಹೊತ್ತೂ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊರಳಡಿಯ ಗಂಗೆದೊಗಲು ಸವರುತ್ತ, “ಆಯ್ತು ತಾಯಿ, ಇನ್ನೊಂದು ಸ್ವಲ್ಪ,” ಎನ್ನುತ್ತ ಕುಳಿತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಕರು ಜೀವಂತ ಬಂತು. ನಾನು ಕೈ ತೊಳೆಯುವಾಗ ಅವರೇ ಚೊಂಬಿನಿಂದ ನೀರು ಸುರಿದರು.

“ನನ್ನ ಮೇಲೆ ಇನ್ನೂ ಸಿಟ್ಟೈತಾ ಡಾಕ್ಟ್ರಮ್ಮ? ಕಾನೂನು ಏನು ಹೇಳ್ತೋ ಅದನ್ನ ನಾನು ಮಾಡಿ ಆಯ್ತಲ್ಲ. ಅಲ್ಲಿಗೆ ಮುಗೀತಲ್ಲ.”

ಅವರು ನಿಜವಾಗಿಯೂ ಹಾಗೆಂದು ನಂಬಿದ್ದರು. ಅವರಿಗೆ ತಪ್ಪಿನ ತೂಕವನ್ನು ಕಾನೂನು ಹೇಳಿಕೊಟ್ಟಿತ್ತು, ಅವರು ಅಷ್ಟನ್ನು ಒಪ್ಪಿಕೊಂಡಿದ್ದರು. ಐದು ವರ್ಷದ ಮಾತಾಗಿದ್ದರೆ ಅವರು ಏನೆಂದುಕೊಳ್ಳುತ್ತಿದ್ದರೋ ನನಗೆ ಗೊತ್ತಿಲ್ಲ. ಜೈಲಿನಿಂದ ಮನುಷ್ಯ ಮೆತ್ತಗಾಗುತ್ತಾನೆಂದು ನಾನು ಹೇಳಲಾರೆ. ಆದರೆ ತಾನು ಮಾಡಿದ್ದು ಸಣ್ಣದಲ್ಲ ಎಂಬುದಾದರೂ ಅವರ ಕಿವಿಗೆ ಬೀಳುತ್ತಿತ್ತು. “ಕರುವಿಗೆ ಗಿಣ್ಣುಹಾಲು ಕುಡಿಸಿ,” ಎಂದಷ್ಟೇ ಹೇಳಿ ಬಂದೆ.

ಮಳೆಗಾಲದ ನಡುವೆ ಕತ್ತೆ ಮೇವು ಬಿಟ್ಟಿತು. ಬೆನ್ನಿನ ತೆಳು ಚರ್ಮ ಮಳೆಯ ತಂಪಿಗೆ ಬಿರಿದು ಕೀವಾಗಿತ್ತು, ಜ್ವರ ಇಳಿಯಲಿಲ್ಲ. ಹನ್ನೊಂದು ದಿನ ನೋಡಿದೆ. ಹನ್ನೆರಡನೆಯ ದಿನ ಮಧ್ಯಾಹ್ನ, ನಾನು ಹಳ್ಳಿಯಿಂದ ಬರುವಷ್ಟರಲ್ಲಿ ಹೋಗಿತ್ತು. ಸಹಾಯಕ ಅದರ ತಲೆಯ ಕೆಳಗೆ ಗೋಣಿಚೀಲ ಮಡಿಸಿ ಇಟ್ಟಿದ್ದ. ಇಬ್ಬರೂ ಸೇರಿ ಹಿತ್ತಲಿನ ಹುಣಸೆ ಮರದ ಹತ್ತಿರ ಹೂತೆವು.

ಅವಳಿಗೆ ಫೋನ್ ಮಾಡಿದೆ. ಕುರಿಗಳ ಸದ್ದು, ಗಾಳಿಯ ಸದ್ದು. ಹಿರಿಯೂರಿನಿಂದಾಚೆ ಎಲ್ಲೋ ಇದ್ದರು. ಹೇಳಿದೆ.

“ಎಲ್ಲಿ ಮಣ್ಣು ಮಾಡಿದ್ರಿ?”

ಹೇಳಿದೆ.

“ಕಲ್ಲು ಇಟ್ಟೀರಾ ಮ್ಯಾಲೆ? ನಾಯಿ ಕೆದರ್ತಾವೆ.”

“ಇಟ್ಟಿದ್ದೀವಿ ಅಕ್ಕ.”

“ಹೂಂ,” ಎಂದು ಇಟ್ಟಳು.

ಅದೇ ವರ್ಷ ನನಗೆ ಹೊಳಲ್ಕೆರೆ ತಾಲೂಕಿಗೆ ವರ್ಗವಾಯಿತು. ಈಗ ನಾನಿರುವ ಆಸ್ಪತ್ರೆ ಹೊರಕೆರೆದೇವಪುರಕ್ಕೆ ಹೋಗುವ ದಾರಿಯಲ್ಲಿದೆ. ಇಲ್ಲಿಗೂ ಗಾಯಗಳು ಬರುತ್ತವೆ. ಹಂದಿಗೆಂದು ಇಟ್ಟ ಸಿಡಿಮದ್ದಿನುಂಡೆ ಕಚ್ಚಿ ದವಡೆ ಹರಿದ ಹಸು, ಬಿಸಿ ಎಣ್ಣೆ ಎರಚಿಸಿಕೊಂಡ ಬೀದಿನಾಯಿ. ಹೆಚ್ಚಿನವಕ್ಕೆ ದೂರು ಕೊಡುವವರೇ ಇರುವುದಿಲ್ಲ. ಇದ್ದವರನ್ನು ನಾನು ಠಾಣೆಗೆ ಕರೆದುಕೊಂಡು ಹೋಗುತ್ತೇನೆ. ಸೆಕ್ಷನ್ ಏನು ಹಾಕಿದ್ದಾರೆಂದು ಅಲ್ಲೇ ನಿಂತು ಓದಿ, ಆಮೇಲೆ ಬರುತ್ತೇನೆ. ಕೆಲವರಿಗೆ ನಾನು ಕಿರಿಕಿರಿಯಾಗಿದ್ದೇನೆ.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಹಳೆಯ ಆಸ್ಪತ್ರೆಯ ಸಹಾಯಕ ಫೋನ್ ಮಾಡಿದ. ಇನ್ನೊಂದು ತಿಂಗಳಿಗೆ ಅವನ ನಿವೃತ್ತಿ.

“ಮೇಡಂ, ಆ ಅಕ್ಕ ಬಂದವ್ಳೆ. ಹುಣಸೆ ಮರದ ಹತ್ರ ಕುಂತಿದ್ಲು ಇಷ್ಟೊತ್ತೂ. ನಿಮ್ಮನ್ನ ಏನೋ ಕೇಳ್ಬೇಕಂತೆ, ಕೊಡ್ತೀನಿ ಇರ್ರಿ.”

ಉಸಿರಾಟ ಕೇಳಿಸಿತು. ಆಮೇಲೆ ಅವಳ ದನಿ.

“ಡಾಕ್ಟ್ರಮ್ಮ, ಆ ಕಾನೂನು ಬದ್ಲಾಯ್ತಾ? ಐವತ್ತು ರೂಪಾಯಿದು?”

“ಇನ್ನೂ ಇಲ್ಲ ಅಕ್ಕ.”

“ಆಗಾದೇ ಇಲ್ವಾ?”

“ಗೊತ್ತಿಲ್ಲ ಅಕ್ಕ. ನಿಜವಾಗ್ಲೂ ಗೊತ್ತಿಲ್ಲ.”

ಹಿಂದೆ ಯಾರದೋ ಎಮ್ಮೆ ಕೂಗುತ್ತಿತ್ತು.

“ಮರಿಗಳು ಉಚ್ಕಂತಾ ಅವೆ,” ಎಂದಳು ಆಮೇಲೆ. “ಹೊಟ್ಟೆ ಹುಳದ ಔಷ್ದಿ ಐತಾ ಇಲ್ಲಿ? ಇವ್ರಿಗೆ ಹೇಳ್ರಿ ಕೊಡಾಕೆ.”

ಎಷ್ಟು ಮರಿ, ಎಷ್ಟು ದಿನದವು ಎಂದು ಕೇಳಿಕೊಂಡು, ಸಹಾಯಕನಿಗೆ ಫೋನ್ ಕೊಡಲು ಹೇಳಿ, ಯಾವ ಬಾಟಲಿ, ಮರಿಗೆಷ್ಟು ಎಂದು ತಿಳಿಸಿದೆ.